ಎದೆಯ ಮಟ್ಟಕ್ಕೆ

ಹೋಮಾ ಬೇ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ
ಮೇಜು ಕುಳ್ಳು.
‘ಕೈ ಎದೆಯ ಮಟ್ಟಕ್ಕೆ ಬರಬೇಕು, ಮ್ಜೇ’
ಎಂದು ಸಿಸ್ಟರ್ ಅಕೆಲೊ
ಹಳೇ ದಾಖಲೆ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ
ಮೇಲೆ ನನ್ನ ಮೊಣಕೈ ಇಡುತ್ತಾಳೆ.

ಮ್ಜೇ ಅಂದರೆ ಹಿರಿಯ, ಮುದುಕ.
ಈ ಪದ ನನ್ನ ಪಾಲಿಗೂ ಬಂದೀತೆಂದು
ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಡಿಯ ಪುಸ್ತಕದ ಬೆನ್ನಿಗೆ ಇಸವಿ ಬರೆದಿದೆ.
ಆ ವರ್ಷ ನನಗೆ ಗೊತ್ತು.
ಬಡಗಿ ನಾನು. ಆ ವರ್ಷ ಕುರ್ಚಿ ಮಾಡಲಿಲ್ಲ, ದೋಣಿ ಮಾಡಲಿಲ್ಲ,
ಬಾಗಿಲು ಬೇಕೆಂದು ಯಾರೂ ಬರಲಿಲ್ಲ.
ಆರಡಿ, ಐದೂವರೆ, ಒಮ್ಮೆ ಎರಡೂಕಾಲು:
ಅಳತೆ ಹೇಳುವವರು ಕಣ್ಣು ತಪ್ಪಿಸುತ್ತಿದ್ದರು.
ಅಕೋತ್‌ಳ ಪೆಟ್ಟಿಗೆಗೂ ನಾನೇ ಮೊಳೆ ಹೊಡೆದೆ.
ಹನ್ನೆರಡು ಸಾಕಾಯಿತು.
ಹದಿಮೂರನೆಯದು ತುಟಿಯಲ್ಲೇ ಕಚ್ಚಿಕೊಂಡಿತ್ತು;
ಅಳಬೇಕಾದರೂ ಮೊದಲು ಅದನ್ನು ಉಗುಳಬೇಕಿತ್ತು.

ಆಮೇಲೆ ನನ್ನ ರಕ್ತದ ಚೀಟಿ ಬಂತು.
ಗೋಡೆಗೆ ಬೆನ್ನು ಕೊಟ್ಟು, ನೆತ್ತಿಗೆ ಪೆನ್ಸಿಲ್ ಗೀರಿ
ನನ್ನ ಅಳತೆ ನಾನೇ ತೆಗೆದೆ.
ಮ್ವುಲೆ ಮರದ ನಾಲ್ಕು ಹಲಗೆ ಆರಿಸಿ
ತೊಲೆಗಳ ಮೇಲೆ ಏರಿಸಿಟ್ಟೆ.

ಮಾತ್ರೆ ಬಂತು. ತಡವಾಗಿ ಬಂತು, ಬಂತು.
ಇಪ್ಪತ್ತು ವರ್ಷ ನುಂಗಿದ್ದೇನೆ, ಒಂದು ದಿನ ತಪ್ಪದೆ,
ಒಮೆನಾ ಮೀನಿಗೆ ದೀಪದ ದೋಣಿಗಳು
ಸರೋವರಕ್ಕೆ ಇಳಿಯುವ ಹೊತ್ತಿಗೆ.

‘ವೈರಸ್ ಕಾಣಿಸುತ್ತಿಲ್ಲ’ ಅಂದಳು ಅಕೆಲೊ. ನಾನು ಹಲ್ಲು ಬಿಟ್ಟೆ.
ಅವಳು ಬಿಡಲಿಲ್ಲ.
ಕೈಪಟ್ಟಿ ಉಬ್ಬಿತು, ಹಿಂಡಿತು, ಉಸ್ಸೆಂದಿತು.
ಮತ್ತೊಮ್ಮೆ ಉಬ್ಬಿಸಿದಳು.
ನೂರ ಅರವತ್ತೆಂಟು.

‘ಬೆಂಕಿ ಆರಿದೆ ಮ್ಜೇ, ಬೂದಿಯೊಳಗೆ ಕೆಂಡ ಇದೆ.
ಕಳ್ಳ ಮಲಗಿದರೂ ಕಾವಲಿನವರು ಮಲಗುವುದಿಲ್ಲ,
ವರ್ಷಗಟ್ಟಲೆ ಲಾಠಿ ಬೀಸಿ ಬೀಸಿ
ನಿಮ್ಮದೇ ರಕ್ತನಾಳ ತರಚುತ್ತಾರೆ.
ತರಚಿದಲ್ಲಿ ಕೊಬ್ಬು ಕೂರುತ್ತದೆ.
ಉಳಿದವರಿಗಿಂತ ನಿಮ್ಮ ಹೃದಯಕ್ಕೆ ಅಪಾಯ ಹೆಚ್ಚು.’
ಉಪ್ಪು, ಸಿಗರೇಟು, ಕರಿದ ಮೀನು ಎಂದು ಬೆರಳು ಮಡಚಿದಳು.
ಮೂರನೆಯ ಬೆರಳಿಗೆ ನನಗೆ ನಗು ಬಂತು.

ಹೃದ್ರೋಗ!
ಅದು ನೈರೋಬಿಯ ದೊಡ್ಡವರಿಗೆ ಬರುವಂಥದ್ದು,
ಪತ್ರಿಕೆಯಲ್ಲಿ ಫೋಟೊ ಸಮೇತ.
ನನ್ನ ಓರಗೆಯವರು ಅಲ್ಲಿಯತನಕ ತಲುಪಲೇ ಇಲ್ಲ.
ಬಲೆ ನೇಯುವ ಓದೆರಾ ಮೂವತ್ತೊಂದಕ್ಕೆ,
ಮೀನು ಲಾರಿಯ ಓಕೆಚ್ ಇಪ್ಪತ್ತೇಳಕ್ಕೆ.
ಎದೆನೋವು ಬರುವಷ್ಟು ಬದುಕುವುದು,
ಅದೂ ಒಂದು ಸಾಹುಕಾರಿಕೆ.

ನಗುತ್ತಿದ್ದಂತೆ ಮೊಣಕೈ ಜಾರಿ
ಮೇಲಿನ ಪುಸ್ತಕ ಬಿತ್ತು, ತೆರೆದುಕೊಂಡಿತು.
ಹೆಸರುಗಳ ಮೇಲೆ ಕೆಂಪು ಶಾಯಿಯ ಗೆರೆ, ಗೆರೆ, ಗೆರೆ.
ಎತ್ತಲು ಇಬ್ಬರೂ ಬಗ್ಗಿದೆವು.
ಇಷ್ಟು ಹೊತ್ತೂ ಇವರ ಮೇಲೆ ಕೈ ಊರಿಯೇ
ನನ್ನೆದೆಯ ಮಟ್ಟ ಮುಟ್ಟಿದ್ದೆ.

ಮನೆಗೆ ಬಂದು ಏಣಿ ಹತ್ತಿದೆ.
ನಡುವೆ ಎರಡು ಸಲ ನಿಂತೆ, ಉಸಿರಿಗೆ.
ಹಲಗೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿದೆ:
ಗೆದ್ದಲು ತಿಂದ ಮರ ಹೊರಗೆ ನುಣ್ಣಗೇ ಇರುತ್ತದೆ,
ದನಿ ಮಾತ್ರ ಸುಳ್ಳು ಹೇಳುವುದಿಲ್ಲ.
ಗಟ್ಟಿ ಮರ.
ಅದೇ ಗೆಣ್ಣಿನಿಂದ ಎದೆ ತಟ್ಟಿಕೊಂಡೆ.
ಏನೂ ತಿಳಿಯಲಿಲ್ಲ. ಇದು ನನ್ನ ಕಸುಬಲ್ಲ.

ಟೇಪು ಹಿಡಿದು ನೋಡಿದರೆ
ಉದ್ದ ಸರಿ, ಅಗಲ ಸಾಲದು.
ಆಗ ನನ್ನ ಸೊಂಟ ಗರಗಸದ ಹಿಡಿಯಷ್ಟು;
ಇಪ್ಪತ್ತು ವರ್ಷದ ಉಗಾಲಿ ಈಗ ಅದನ್ನು ಸುತ್ತಿದೆ.

ಕುರ್ಚಿಯಲ್ಲಿ ನೆಟ್ಟಗೆ ಕೂತೆ.
ನೆಲದಿಂದ ಎದೆಗೆ ಅಳೆದೆ.
ಎರಡಡಿ ಹತ್ತಂಗುಲ.

ಗುರುವಾರ ಮೇಜನ್ನು ಬೋಡಾಬೋಡಾದ ಹಿಂದೆ ಕಟ್ಟಿಕೊಂಡು ಹೋದೆ.
ಅಕೆಲೊ ಒಂದು ಮಾತೂ ಆಡದೆ ಪಟ್ಟಿ ಸುತ್ತಿದಳು.
ನೂರ ಅರವತ್ತನಾಲ್ಕು.
‘ರಾತ್ರಿಗೆ ಇನ್ನೊಂದು ಮಾತ್ರೆ’ ಅಂದಳು.
ಆಗಲಿ ಅಂದೆ.
ಮರ ಮಿಕ್ಕಿದೆ, ಅಂದೆ, ಒಂದೂವರೆ ಹಲಗೆ;
ಈ ಬಾಗಿಲೂ ನೆಲಕ್ಕೆ ಉಜ್ಜುತ್ತಿದೆ, ನೋಡಿ.